ಹರಿಕಥೆಯಲ್ಲಿ ರೋಮಾನಾ

ಗ್ಲೆನೆಲ್ಗ್, ಅಡಿಲೇಡ್
12 ಜುಲೈ 2014

ನಟರಾಜಣ್ಣನಿಗೆ ಮೈತ್ರೇಯಿ ಬರೆದದ್ದು.

ಫೋನಿನಲ್ಲಿ ಮಾತಿಗೆ ಕೂತರೆ ನಾವಿಬ್ಬರೂ ಅಪ್ಪನ ವೈಕುಂಠ ಸಮಾರಾಧನೆಯ ದಿನದ ಹಾಗೆ ಜಗಳವಾಡಿಕೊಳ್ಳುತ್ತೇವೆ, ಕಾಗದವೇ ವಾಸಿ ಎಂದು ಬರೆದಿದ್ದೀಯ. ಒಪ್ಪಿದೆ. ಅಪ್ಪನೂ ನಿನ್ನಂಥ ಶಿಷ್ಯರಿಗೆ ಹರಿಕಥೆಯ ಸಾಮಗ್ರಿಯನ್ನು ಅಂಚೆಯಲ್ಲೇ ಕಳಿಸುತ್ತಿದ್ದರಲ್ಲ, ಹಾಗೇ ಆಗಲಿ.

ಬ್ರಿಸ್ಬೇನಿನ ಕನ್ನಡದವರು ರಾಜ್ಯೋತ್ಸವಕ್ಕೆ ನಿನ್ನ ಹರಿಕಥೆ ಇಟ್ಟುಕೊಂಡಿದ್ದಾರೆ, ಮಕ್ಕಳು ಎದ್ದು ಹೋಗದಂಥ ಹೊಸ ಕಥೆ ಬೇಕಂತೆ ಎಂದೆಯಲ್ಲ. ನನ್ನ ಹತ್ತಿರ ಒಂದಿದೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯವರು ಇರಾಸೆಮಾ ಎಂಬ ಬ್ರೆಜಿಲ್ ದೇಶದ ಮುದುಕಿ. ಎಂಬತ್ತು ದಾಟಿದೆ. ಸಂಜೆ ಹೊತ್ತು ಬಾಲ್ಕನಿಯಲ್ಲಿ ಕೂತು ಪಂದೇರೊ ಬಾರಿಸುತ್ತಾರೆ. ನಮ್ಮ ಕಂಜಿರಕ್ಕೆ ದೊಡ್ಡಣ್ಣ ಅನ್ನು, ಗೆಜ್ಜೆ ಮಾತ್ರ ಸುತ್ತ ಜಾಸ್ತಿ. ಕೈ ನಡುಗಿದರೂ ತಾಳ ನಡುಗುವುದಿಲ್ಲ.

ಅವರ ತಂದೆ ಬೆನೆದಿತೊ. ಸಾಂಬಾ ಎಂಬ ಹಾಡು ರಿಯೋ ಊರಿನಲ್ಲಿ ಇನ್ನೂ ಕಣ್ಣು ಬಿಡುತ್ತಿದ್ದ ಕಾಲದಲ್ಲಿ ಹಾಡು ಕಟ್ಟಿದವರು. ಆಗ ಬೀದಿಯಲ್ಲಿ ಡೋಲು ಹಿಡಿದವನು ಪೊಲೀಸರ ಕೈಗೆ ಸಿಕ್ಕರೆ ಡೋಲೂ ಹೋಗುತ್ತಿತ್ತು, ಬೆನ್ನೂ ಹೋಗುತ್ತಿತ್ತು. ಅದಕ್ಕೆ ಎಲ್ಲರೂ ತಿಯಾ ರೋಮಾನಾ ಎಂಬಾಕೆಯ ಮನೆಯಲ್ಲಿ ಸೇರುತ್ತಿದ್ದರು. ತಿಯಾ ಎಂದರೆ ಅತ್ತೆ, ಚಿಕ್ಕಮ್ಮ, ಎಲ್ಲವೂ. ಬೀದಿಮೂಲೆಯಲ್ಲಿ ಸಿಹಿತಿಂಡಿ ಮಾರುವ ಹೆಂಗಸು. ಮುಂದಿನ ಕೋಣೆಯಲ್ಲಿ ಮರ್ಯಾದಸ್ಥರ ಸಂಗೀತ, ಹಿತ್ತಿಲಲ್ಲಿ ಸಾಂಬಾ. ಪೊಲೀಸರು ಬಂದರೆ ಮುಂದಿನ ಕೋಣೆ ತೋರಿಸಿ, ತಿಂಡಿ ಕೊಟ್ಟು ಕಳಿಸುತ್ತಿದ್ದಳಂತೆ. ಬೆನೆದಿತೊ ಆ ಮನೆಯಲ್ಲಿ ಬಾಡಿಗೆಗೆ ಬಂದ ಬಡಗಿ ಹುಡುಗ. ಆಮೇಲೆ ಅವಳ ಅಳಿಯನಾದ. ಅವನು ರೆಕಾರ್ಡಿಗೆ ಕೊಟ್ಟ ಮೊದಲ ಹಾಡನ್ನು ಆ ವರ್ಷದ ಕಾರ್ನಿವಲ್ಲಿನಲ್ಲಿ ಊರಿಗೆ ಊರೇ ಹಾಡಿತು. ಇವತ್ತು ಅಲ್ಲೊಂದು ಬೀದಿಗೆ ಅವನ ಹೆಸರಿದೆ.

ಆ ಮೊದಲ ಹಾಡು ಅವನದಲ್ಲ, ರೋಮಾನಾಳದು. ಇರಾಸೆಮಾ ಆಂಟಿ ಇದನ್ನು ನನಗೆ ಹೇಳಿದ್ದು ಹೋದ ವಾರ, ಅದೂ ಬಾಗಿಲು ಹಾಕಿಕೊಂಡು. ನಿನ್ನ ಕಥೆಯ ವಿಷಯ ಹೇಳಿದಾಗ ಅವರು ಕೇಳಿದ್ದು ಒಂದೇ: ವೇದಿಕೆಯ ಮೇಲೆ ಅಜ್ಜಿಯ ಹೆಸರು ಹೇಳಬೇಕು. ನಾನು ಮಾತು ಕೊಟ್ಟಿದ್ದೇನೆ.

ಮೈತ್ರೇಯಿ


ಪರ್ತ್
25 ಜುಲೈ 2014

ಪ್ರೀತಿಯ ಮೈತ್ರೇಯಿ,

ಎಂಥ ಕಥೆ ಕಳಿಸಿದ್ದೀಯ ಮಾರಾಯ್ತಿ. ವೆಲ್ಷ್‌ಪೂಲಿನ ನಮ್ಮ ಗೋಡೌನಿನ ಹಿಂದೆ ಕಾರಿನಲ್ಲಿ ಕೂತು ಊಟದ ಹೊತ್ತಿನಲ್ಲಿ ಓದಿದೆ. ಓದುತ್ತಾ ಓದುತ್ತಾ ಡ್ಯಾಶ್‌ಬೋರ್ಡಿನ ಮೇಲೆ ತಾಳ ಹಾಕಿದೆ. ಫೋರ್ಕ್‌ಲಿಫ್ಟ್ ಓಡಿಸುವವನು ಕಿಟಕಿ ತಟ್ಟಿ, ಹುಷಾರಿದ್ದೀಯಾ ಮೇಟ್ ಎಂದು ಕೇಳಿದ.

ಬೆನೆದಿತೊ ನನಗೆ ಕಣ್ಣಿಗೆ ಕಟ್ಟಿದ ಹಾಗಿದ್ದಾನೆ. ಉಳಿ ಹಿಡಿದ ಕೈ, ಬೆನ್ನ ಮೇಲೆ ಲಾಠಿ, ಬಾಯಲ್ಲಿ ಹಾಡು. ಪ್ರಹ್ಲಾದನಿಗೇನು ಕಡಿಮೆ ಹೇಳು. ಪೂರ್ವಪೀಠಿಕೆ ಬರೆದಾಗಿದೆ. ಡೋಲು ಕಿತ್ತುಕೊಂಡ ಪೊಲೀಸನ ಎದುರು ಅವನು ಬೆಂಕಿಪೊಟ್ಟಣ ಬಾರಿಸಿ ಹಾಡುವ ಸನ್ನಿವೇಶವೊಂದನ್ನು ನಾನೇ ಸೇರಿಸಿದ್ದೇನೆ. ಆಂಟಿ ಒಪ್ಪುತ್ತಾರಾ ಕೇಳು.

ಹೆಸರುಗಳು ನಮ್ಮವರ ಬಾಯಿಗೆ ಹೊಸವು. ಅದಕ್ಕೆ ಗುರುಗಳ ಉಪಾಯವನ್ನೇ ಹಿಡಿಯುತ್ತೇನೆ. ಕಥೆಯಲ್ಲಿ ಹೊಸ ಹೆಸರು ಬಂದಾಗ ಅವರು ಕೈ ಎತ್ತಿ ಅದನ್ನು ಕೂಗುತ್ತಿದ್ದರು, ಸಭೆ ತಿರುಗಿ ಕೂಗಬೇಕು. ಮೆಲ್ಲಗೆ ಕೂಗಿದರೆ ಇನ್ನೊಮ್ಮೆ. ಅವರು ಹೇಳಿಸಿದ ಹೆಸರನ್ನು ನಾನು ಇವತ್ತಿಗೂ ಮರೆತಿಲ್ಲ. ಇಲ್ಲಿಯ ಮಕ್ಕಳಿಗಂತೂ ಕನ್ನಡ ಅರ್ಥವಾದರೂ ಬಾಯಿಂದ ಹೊರಡುವುದು ಇಂಗ್ಲಿಷೇ. ಕೂಗುವ ಆಟವಾದರೆ ಬಿಡುವುದಿಲ್ಲ.

ಆಂಟಿ ಬ್ರಿಸ್ಬೇನಿಗೆ ಬಂದರೆ ಶಾಲು, ಹಣ್ಣು ಕೊಟ್ಟು ಗೌರವಿಸೋಣ ಎಂದಿದ್ದಾನೆ ಸಂಘದ ಸತೀಶ. ಬೆನೆದಿತೊನ ಕೊನೆಗಾಲದ ವಿಷಯ ಇನ್ನಷ್ಟು ಬೇಕು. ಬೇಗ ಬರೆ.

ನಿನ್ನ ಅಣ್ಣ,
ನಟರಾಜ್


ಗ್ಲೆನೆಲ್ಗ್
9 ಆಗಸ್ಟ್ 2014

ನಟರಾಜಣ್ಣ,

ಬೆಂಕಿಪೊಟ್ಟಣದ ಸನ್ನಿವೇಶ ಕೇಳಿ ಆಂಟಿ ತುಂಬ ನಕ್ಕರು. ಹಾಗೆ ನಡೆದಿರಲಿಲ್ಲವಂತೆ, ಆದರೆ ಅವರ ಅಪ್ಪ ಇದ್ದಿದ್ದರೆ ಹೌದು ಹಾಗೇ ಆಯಿತು ಅನ್ನುತ್ತಿದ್ದರಂತೆ.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ರೋಮಾನಾ ಎಲ್ಲೂ ಇಲ್ಲ. ಮರೆತೆಯೋ, ಮುಂದೆ ಬರೆಯೋಣ ಎಂದು ಬಿಟ್ಟೆಯೋ ತಿಳಿಯಲಿಲ್ಲ, ಅದಕ್ಕೆ ಬಿಡಿಸಿ ಬರೆಯುತ್ತೇನೆ. ಅವಳು ತೆಂಗಿನಕಾಯಿ ಮಿಠಾಯಿ ಕಾಯಿಸುವಾಗ ಪಾಕ ಉಕ್ಕದಿರಲಿ ಎಂದು ಬಾಣಲೆಯನ್ನೇ ಗದರಿಸುತ್ತಾ ಹಾಡುತ್ತಿದ್ದ ಸಾಲುಗಳೇ ಆ ಮೊದಲ ಹಾಡು. ಸೌಟು ತಿರುಗಿಸುವ ಲಯವೇ ಹಾಡಿನ ಲಯ. ಹಿತ್ತಿಲಿನವರೆಲ್ಲ ಸೊಲ್ಲು ಸೇರಿಸುತ್ತಿದ್ದರು. ಬೆನೆದಿತೊ ಅದಕ್ಕೆ ಇನ್ನೆರಡು ನುಡಿ ಕಟ್ಟಿ, ಬರೆಸಿ, ತನ್ನ ಹೆಸರಿನಲ್ಲಿ ರೆಕಾರ್ಡಿಗೆ ಕೊಟ್ಟ. ಸಾಕ್ಷಿ ಏನಿದೆ ಎಂದು ನಾನೂ ಕೇಳಿದೆ. ಏನೂ ಇಲ್ಲ. ಹಿತ್ತಿಲಲ್ಲಿದ್ದವರಿಗೆಲ್ಲ ಗೊತ್ತಿತ್ತು, ಅವರೆಲ್ಲ ಸತ್ತರು.

ಆಂಟಿಗೆ ತಂದೆಯ ಮೇಲೆ ಪ್ರಾಣ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಅಪ್ಪನ ಹೆಸರು ತೆಗೀಬೇಡಿ. ಅಜ್ಜಿ ಹೆಸರು ಸೇರಿಸಿ, ಅಷ್ಟೇ." ಇಷ್ಟು ವರ್ಷ ಅಣ್ಣತಮ್ಮಂದಿರು ಮನೆಯ ಮಾನ ಹೋಗುತ್ತದೆ ಎಂದು ಬಾಯಿ ಮುಚ್ಚಿಸಿದ್ದರು. ಈಗ ಉಳಿದಿರುವವರು ಇವರೊಬ್ಬರೇ.

ಬ್ರಿಸ್ಬೇನಿನಲ್ಲಿ ಅವರ ಮಗ ಇದ್ದಾನೆ, ಟಿಕೆಟ್ ಮಾಡಿಸಿಕೊಂಡಿದ್ದಾರೆ. ಕನ್ನಡ ಒಂದಕ್ಷರ ಬಾರದು. ಎರಡು ಗಂಟೆ ಅರ್ಥವಾಗದ ಮಾತು ಕೇಳಿಕೊಂಡು ಕೂತಿರುತ್ತಾರೆ, ಆ ಒಂದು ಹೆಸರಿಗಾಗಿ. ನೀನು ಅದನ್ನು ಸಭೆಯಿಂದ ಹೇಳಿಸುತ್ತೀಯ ಎಂದು ಹೇಳಿದಾಗ ಅವರು ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

ಮೈತ್ರೇಯಿ


ಪರ್ತ್
20 ಆಗಸ್ಟ್ 2014

ಮೈತ್ರೇಯಿ,

ಹರಿಕಥೆ ಕೋರ್ಟಲ್ಲ. ಯಾರ ಹಾಡು ಯಾರು ಕದ್ದರು ಎಂದು ಕೈಯಲ್ಲಿ ತಾಳದ ಚಿಟಿಕೆ ಹಿಡಿದು ವಿಚಾರಣೆ ಮಾಡಲು ನಾನು ಕಲಿತಿಲ್ಲ. ಕಥೆಗೆ ಒಬ್ಬ ನಾಯಕ ಬೇಕು, ಜನ ಕೈಮುಗಿದು ಏಳಬೇಕು. ಸತ್ತವನ ಮೇಲೆ ಸಾಕ್ಷಿಯಿಲ್ಲದ ಅಪವಾದ ಹೊರಿಸಿ ಮಂಗಳ ಹಾಡಲು ನನ್ನಿಂದಾಗದು.

ಇನ್ನೊಂದು ಮಾತು. ನೀನು ಯಾವ ಮನೆಯ ವಿಷಯ ಬರೆಯುತ್ತಿದ್ದೀಯ ಎಂದು ನನಗೆ ಗೊತ್ತು. ಆ ಮನೆ ರಿಯೋದಲ್ಲಿಲ್ಲ, ಮೈಸೂರಿನ ಚಾಮುಂಡಿಪುರಂನಲ್ಲಿದೆ. ಗುರುಗಳು ಹೋಗಿ ಎರಡು ವರ್ಷವಾಗಿಲ್ಲ. ಅವರ ಅನ್ನ ತಿಂದವನ ಬಾಯಿಂದಲೇ ಅವರನ್ನು ಕಳ್ಳರೆಂದು ಹೇಳಿಸಬೇಕೆಂದು ನಿನಗೇಕೆ ಹಟ?

ನಟರಾಜ್


ಗ್ಲೆನೆಲ್ಗ್
30 ಆಗಸ್ಟ್ 2014

ನಟರಾಜಣ್ಣ,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಬರೆದದ್ದು ಬ್ರೆಜಿಲಿನ ಹೆಂಗಸೊಬ್ಬಳ ವಿಷಯ. ಎರಡು ಕಾಗದದಲ್ಲಿ ಎಲ್ಲಾದರೂ ಅಮ್ಮನ ಹೆಸರು ಎತ್ತಿದ್ದೇನಾ, ತೆಗೆದು ನೋಡು. ಚಾಮುಂಡಿಪುರಂ ಹೆಸರು ಎತ್ತಿದವನು ನೀನು.

ಕಾಗದ ಓದಿದ ಮೇಲೆ ಕ್ಲಿನಿಕ್ಕಿನಲ್ಲಿ ರೋಗಿ ಎದುರು ಕೂತಿದ್ದರೂ ನನ್ನ ಕಿವಿಗೆ ಬೇರೇನೂ ಬೀಳಲಿಲ್ಲ. ನೀನೇ ಎತ್ತಿದ್ದೀಯ, ಆಗಲಿ, ಈಗ ನಾನೂ ಕೇಳುತ್ತೇನೆ. ಅಪ್ಪನ ಕಥೆಗಳ ಪದಗಳು ಯಾರವು? ನಾನು ಚಿಕ್ಕವಳು, ಶಾಲೆಗೆ ಹೋಗುತ್ತಿದ್ದೆ. ಅಮ್ಮ ಹೂ ಕಟ್ಟುತ್ತಾ ಗುನುಗುತ್ತಿದ್ದದ್ದು, ಆಮೇಲೆ ರಾಮಮಂದಿರದಲ್ಲಿ ಅಪ್ಪ ಅದನ್ನೇ ಹಾಡಿದಾಗ ಜನ ತಲೆದೂಗುತ್ತಿದ್ದದ್ದು, ಇಷ್ಟು ನೆನಪಿದೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ನನಗೆ ಖಚಿತವಿಲ್ಲ. ಅಪ್ಪನನ್ನು ಕೇಳಿದೆ. ಗಂಡಹೆಂಡತಿ ಅಂದ ಮೇಲೆ ನಿಂದು ನಂದು ಅಂತ ಇರತ್ತೇನೆ ಎಂದು ನಕ್ಕುಬಿಟ್ಟರು. ಅಮ್ಮನನ್ನು ಕೇಳುವ ಹೊತ್ತಿಗೆ ಅವಳಿಗೆ ಮಾತೇ ಹೋಗಿತ್ತು. ಸಮಾರಾಧನೆಯ ದಿನ ನಾನು ನಿನ್ನನ್ನು ಕೇಳಿದ್ದೂ ಅದನ್ನೇ. ನೀನು ಬಾಳೆಲೆ ಬಿಟ್ಟು ಎದ್ದು ಹೋದೆ.

ನೀನು ಆ ಮನೆಯಲ್ಲೇ ಇದ್ದು ಕಲಿತವನು. ನಡುಮನೆಯಲ್ಲಿ ಚಿಟಿಕೆ ಹಿಡಿದು ಕೂತಿರುತ್ತಿದ್ದೆ, ಅಡುಗೆಮನೆಯ ಬಾಗಿಲು ನಿನ್ನ ಎದುರಿಗೇ ಇತ್ತು. ಮಂಗಳದ ಹಾಡು ಹುಟ್ಟಿದ್ದು ಎಲ್ಲಿ, ನೀನು ನೋಡಿದ್ದೀಯೋ ಇಲ್ಲವೋ? ಹೌದು ಅಥವಾ ಇಲ್ಲ ಎಂದು ಬರೆ. ನಾನು ಅಪ್ಪನ ಮಗಳೇ, ಅವರ ಹೆಸರಿಗೆ ಮಸಿ ಬಳಿಯಲು ನನಗೂ ಕೈ ಬರುವುದಿಲ್ಲ.

ಮೈತ್ರೇಯಿ


ಗ್ಲೆನೆಲ್ಗ್
28 ಸೆಪ್ಟೆಂಬರ್ 2014

ನಟರಾಜಣ್ಣ,

ಕಾಗದ ತಲುಪಿಲ್ಲವೋ, ಉತ್ತರ ಬರೆಯುವ ಮನಸ್ಸಿಲ್ಲವೋ. ಅಮ್ಮನ ವಿಷಯ ಪಕ್ಕಕ್ಕಿಡು. ಅದು ನಮ್ಮಿಬ್ಬರದು, ಕಾದರೂ ಕಾದೀತು.

ಇರಾಸೆಮಾ ಆಂಟಿ ಕಾಯಲಾರರು. ಮೊನ್ನೆ ಟ್ರಾಮಿನಲ್ಲಿ ಪೇಟೆಗೆ ಕರೆದುಕೊಂಡು ಹೋಗಿದ್ದೆ. ನಿನ್ನ ಕಥೆಗೆಂದು ಹಳದಿ ಬಣ್ಣದ ಗೌನು ಕೊಂಡರು. ಅಜ್ಜಿ ಹಬ್ಬದ ದಿನ ಹಳದಿಯನ್ನೇ ಉಡುತ್ತಿದ್ದರಂತೆ. ದಾರಿಯುದ್ದಕ್ಕೂ ನನ್ನ ಬಾಯಲ್ಲಿ ಕನ್ನಡದಲ್ಲಿ ಆ ಹೆಸರು ಹೇಗೆ ಕೇಳುತ್ತದೆ ಎಂದು ಹೇಳಿಸಿ ಹೇಳಿಸಿ ಕೇಳಿದರು. ಗುರುತು ಹಿಡಿಯದೆ ಹೋದರೆ ಎಂಬ ಭಯ ಅವರಿಗೆ.

ಹೆಸರು ಹೇಳುತ್ತೀಯೋ ಇಲ್ಲವೋ, ಅಷ್ಟು ತಿಳಿಸು. ನಿನ್ನ ಕಥೆಯ ಶನಿವಾರ ನನಗೆ ಆಸ್ಪತ್ರೆಯ ಡ್ಯೂಟಿ ಇದೆ, ಬರಲಾಗುವುದಿಲ್ಲ. ಅವರ ಜೊತೆ ಮಗ ಇರುತ್ತಾನೆ.

ಮೈತ್ರೇಯಿ


ಪರ್ತ್
12 ಅಕ್ಟೋಬರ್ 2014

ಡಾ. ಮೈತ್ರೇಯಿಯವರಿಗೆ ನಮಸ್ಕಾರಗಳು.

ತಮ್ಮ ಎರಡೂ ಕಾಗದಗಳು ತಲುಪಿವೆ. ಕಾರ್ಯಕ್ರಮದ ಆಹ್ವಾನಪತ್ರಿಕೆಯನ್ನು ಇದರೊಂದಿಗೆ ಇಟ್ಟಿದ್ದೇನೆ. ಗುರುಗಳ ಭಾವಚಿತ್ರಕ್ಕೆ ಪುಷ್ಪಾರ್ಚನೆ, ಅತಿಥಿಗಳಾದ ಶ್ರೀಮತಿ ಇರಾಸೆಮಾ ಅವರಿಗೆ ಗೌರವ, ಅನಂತರ ಕಥೆ. ಗುರು ಗೋಪಾಲಕೃಷ್ಣದಾಸ ವಿರಚಿತ ಮಂಗಳದೊಂದಿಗೆ ಮುಕ್ತಾಯ. ಹೀಗೆಂದೇ ಅಚ್ಚಾಗಿದೆ.

ವೇದಿಕೆಯ ಮೇಲೆ ದಾಸನ ಬಾಯಿಗೆ ಏನು ಬರುತ್ತದೆಂಬುದನ್ನು ಮುಂಚಿತವಾಗಿ ಬರೆದುಕೊಡುವ ಪದ್ಧತಿ ನಮ್ಮಲ್ಲಿಲ್ಲ. ಇದು ತಮಗೂ ತಿಳಿದ ವಿಷಯ. ಆದ್ದರಿಂದ ಮಾತು ಕೊಡಲಾರೆ.

ಇತಿ,
ನಟರಾಜ್


ಗ್ಲೆನೆಲ್ಗ್
24 ಅಕ್ಟೋಬರ್ 2014

ನಟರಾಜಣ್ಣ,

ನೀನು ನನಗೆ ಸೈಕಲ್ ಕಲಿಸಿದವನು. ನನ್ನನ್ನು ತಾವು ಎಂದು ಕರೆದರೆ ನಾನು ದೂರ ಹೋಗುತ್ತೇನೆ ಎಂದುಕೊಂಡೆಯಾ?

ನಿನ್ನ ಕಾಗದದ ವಿಷಯ ಆಂಟಿಗೆ ಹೇಳಲು ಹೋದೆ. ಬಾಗಿಲು ತೆಗೆದರು, ಗೌನಿಗೆ ತಾವೇ ಲೇಸು ಹೊಲಿಯುತ್ತಿದ್ದರು, ಹೇಗಿದೆ ಎಂದು ಕೇಳಿದರು. ಚೆನ್ನಾಗಿದೆ ಎಂದು ಹೇಳಿ ವಾಪಸ್ ಬಂದೆ. ಹೇಳಲಾಗಲಿಲ್ಲ. ಅವರು ನಿನ್ನನ್ನು ನಂಬಿಕೊಂಡೇ ಬರುತ್ತಿದ್ದಾರೆ. ಇನ್ನು ಅವರ ಪಾಡು ನಿನ್ನ ಕೈಯಲ್ಲಿ.

ಡ್ಯೂಟಿ ಇದೆ ಎಂದದ್ದು ಸುಳ್ಳು. ಆ ಮಂಗಳ, ಅದರ ಕೊನೆಯಲ್ಲಿ ಅಪ್ಪನ ಅಂಕಿತ, ಜನ ಎದ್ದು ಕೈಮುಗಿಯುವುದು, ಅದನ್ನು ಕೂತು ಕೇಳುವ ಶಕ್ತಿ ನನಗಿಲ್ಲ.

ಮೈತ್ರೇಯಿ


ಬ್ರಿಸ್ಬೇನ್
16 ನವೆಂಬರ್ 2014

ಮೈತ್ರೇಯಿ,

ಸತೀಶನ ಮನೆಯ ಊಟದ ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ. ಆಂಟಿ ನಿನಗೆ ಫೋನ್ ಮಾಡಿ ಎಲ್ಲ ಹೇಳಿರಬೇಕು. ಅವರು ಹೇಳಿದ್ದನ್ನು ಪೂರ್ತಿ ನಂಬಬೇಡ, ಅವರಿಗೆ ಗೊತ್ತಿಲ್ಲದ್ದು ಇದೆ.

ಹಾಲ್ ತುಂಬಿತ್ತು. ಗುರುಗಳ ಫೋಟೊಗೆ ಹಾರ ಹಾಕಿದೆವು. ಆಂಟಿ ಹಳದಿ ಗೌನಿನಲ್ಲಿ ಮುಂದಿನ ಸಾಲಿನಲ್ಲಿ, ನನಗೆ ನೇರ ಎದುರಿಗೆ ಕೂತಿದ್ದರು. ಶಾಲು ಹೊದಿಸಿದಾಗ ಸಭೆಗೆ ಕೈಮುಗಿದರು. ನೀನೇ ಹೇಳಿಕೊಟ್ಟಿರಬೇಕು.

ಕಥೆ ಎದ್ದುನಿಂತಿತು. ರಿಯೋ ಎಂದೆ, ಸಭೆ ರಿಯೋ ಎಂದಿತು. ಸಾಂಬಾ ಎಂದೆ, ಮಕ್ಕಳು ಚಾವಣಿ ಹಾರುವ ಹಾಗೆ ಕೂಗಿದವು. ನಾನು ಕೈ ಎತ್ತಿದಾಗಲೆಲ್ಲ ಆಂಟಿ ಕುರ್ಚಿಯಲ್ಲಿ ಮುಂದಕ್ಕೆ ಬಾಗುತ್ತಿದ್ದರು. ಬೆನೆದಿತೊ ಎಂದಾಗ ತಾವೂ ಸಭೆಯೊಂದಿಗೆ ಕೂಗಿದರು, ಕಣ್ಣು ತುಂಬಿತ್ತು. ಆಮೇಲೆ ಮತ್ತೆ ಮುಂದಕ್ಕೆ ಬಾಗಿ ಕೂತರು. ಕಥೆಯುದ್ದಕ್ಕೂ ಹಾಗೇ. ಅವರ ಮುಖ ನೋಡದೆ ಕಥೆ ಹೇಳಲು ಎಷ್ಟು ಹೆಣಗಿದೆ ಎಂದು ನಿನಗೆ ಹೇಗೆ ಹೇಳಲಿ.

ಹಿತ್ತಿಲಿನ ಸನ್ನಿವೇಶ ಬಂತು. ಬಾಣಲೆ, ಪಾಕ, ಸೌಟು, ಎಲ್ಲ ಹೇಳಿದೆ. ಕೈ ಎತ್ತಿದೆ. ಹೆಸರು ಗಂಟಲ ತನಕ ಬಂತು. ಪಕ್ಕದಲ್ಲಿ ಗುರುಗಳ ಫೋಟೊ ಕಂಡಿತು. ಎತ್ತಿದ ಕೈಯಲ್ಲಿ ಶಾಲು ಸರಿಮಾಡಿಕೊಂಡು, ಆ ಮನೆಯಲ್ಲಿ ಹುಟ್ಟಿದ ಹಾಡು ಎಂದು ಹೇಳಿ ಮುಂದಕ್ಕೆ ಹೋದೆ. ಅವರಿಗೆ ಅರ್ಥವಾಗಲಿಲ್ಲ. ಇನ್ನೂ ಬರುತ್ತದೆ ಎಂದು ಕಾಯುತ್ತಲೇ ಇದ್ದರು.

ಕಥೆ ಮುಗಿಯಿತು. ಮಂಗಳಕ್ಕೆ ಮೊದಲು ಮೃದಂಗದ ಶಶಾಂಕ್ ಶ್ರುತಿ ಸರಿಮಾಡಿಕೊಳ್ಳುತ್ತಿದ್ದ. ಜನ ಏಳಲು ಚಪ್ಪಲಿ ಹುಡುಕುತ್ತಿದ್ದರು. ಮುಗಿಯುತ್ತಿದೆ ಎಂದು ಆಗ ಅವರಿಗೆ ತಿಳಿದಿರಬೇಕು. ಮಗನ ಹೆಗಲು ಹಿಡಿದು ಎದ್ದರು. ಸಭೆಯ ಕಡೆ ತಿರುಗಿದರು. ನಾನು ಎತ್ತುತ್ತಿದ್ದ ಹಾಗೇ ಬಲಗೈ ಎತ್ತಿದರು. ನಡುಗುವ ದನಿಯಲ್ಲಿ ಕೂಗಿದರು: "ತಿಯಾ ರೋಮಾನಾ."

ಸಭೆಗೆ ಇದೇನು ಗೊತ್ತು? ಕೈ ಎತ್ತಿದರೆ ಕೂಗಬೇಕು ಎಂದು ಎರಡು ಗಂಟೆ ಕಲಿಸಿದವನು ನಾನೇ. ಮುಖ್ಯ ಅತಿಥಿ ಬೇರೆ, ಶಾಲು ಹೊದ್ದಿದ್ದಾರೆ. ಇದೂ ಕಥೆಯದೇ ಭಾಗ ಎಂದುಕೊಂಡರು. ಹಾಲಿಗೆ ಹಾಲೇ ತಿಯಾ ರೋಮಾನಾ ಎಂದಿತು. ಆಂಟಿ ಬೆಚ್ಚಿಬಿದ್ದರು. ಆಮೇಲೆ ಇನ್ನೊಮ್ಮೆ, ಈ ಸಲ ದನಿ ನಡುಗಲಿಲ್ಲ. ಸಭೆಯೂ ಇನ್ನೂ ಜೋರಾಗಿ ಕೂಗಿತು. ಹಿಂದಿನ ಸಾಲಿನ ರಮಾಕಾಂತ್ ಅಂಕಲ್ ಅಭ್ಯಾಸಬಲದಿಂದ "ಗೋವಿಂದಾ ಗೋವಿಂದ" ಎಂದರು, ಎಲ್ಲರೂ ಸೇರಿಕೊಂಡರು. ಆಂಟಿ ಅಳುತ್ತಾ ನಗುತ್ತಾ ಅದನ್ನೂ ಕೂಗಿದರು. ನಾನು ಚಿಟಿಕೆ ಹಿಡಿದುಕೊಂಡು ಪೆಚ್ಚಾಗಿ ನಿಂತಿದ್ದೆ.

ಮಂಗಳ ಹಾಡಿದೆ. ಕೊನೆಯ ಸಾಲಿನಲ್ಲಿ ಗುರುಗಳ ಅಂಕಿತ ಬರುವ ಜಾಗ ಬಂತು. ಬಾಯಿ ತೆರೆದೆ, ಹೊರಡಲಿಲ್ಲ. ಆ ಜಾಗದಲ್ಲಿ ಬರೀ ಮೃದಂಗ ಹೋಯಿತು. ನನಗೆ ಗಂಟಲು ಕಟ್ಟಿದೆ ಎಂದುಕೊಂಡರು ಜನ.

ನಿನಗೆ ತಿಳಿಯಬೇಕಾದದ್ದು ಇನ್ನೂ ಇದೆ. ಆಮೇಲೆ ಆಂಟಿ ವೇದಿಕೆಯ ಹತ್ತಿರ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ನಾನು ಬೇಕೆಂದೇ ಆ ಹೆಸರನ್ನು ಅವರಿಗಾಗಿ ಉಳಿಸಿದೆನಂತೆ. ಮೊಮ್ಮಗಳ ಬಾಯಿಂದಲೇ ಬರಲಿ ಎಂದು ಕೈ ಎತ್ತಿ ತಡೆದೆನಂತೆ. ಇಂಥ ಮರ್ಯಾದೆಯನ್ನು ಯಾರೂ ತಮಗೆ ಮಾಡಿರಲಿಲ್ಲ ಎಂದರು. ನಾನು ಅಲ್ಲ ಎನ್ನಲಿಲ್ಲ. ಆ ಮಾತನ್ನು ತೆಗೆದುಕೊಂಡು ಬಂದೆ.

ಆಗಸ್ಟಿನಲ್ಲಿ ನೀನು ಹೌದು ಅಥವಾ ಇಲ್ಲ ಎಂದು ಬರೆ ಎಂದಿದ್ದೆ. ಹೌದು, ನೋಡಿದ್ದೇನೆ. ಅಮ್ಮನವರು ಕನಕಾಂಬರ ಕಟ್ಟುತ್ತಾ ಹಾಡುತ್ತಿದ್ದರು, ಗುರುಗಳು ಹೊಸ್ತಿಲ ಮೇಲೆ ನಿಂತು ಕೇಳಿಕೊಂಡು, "ಇನ್ನೊಂದ್ಸಲ ಹೇಳು ಇಂದಿರಾ" ಎನ್ನುತ್ತಿದ್ದರು. ಮಂಗಳವೊಂದೇ ಅಲ್ಲ. ಗುರುಗಳು ಮೋಸಗಾರರಲ್ಲ, ಮೈತ್ರೇಯಿ. ಸಭೆಯಲ್ಲಿ ಹೆಂಡತಿಯ ಹೆಸರು ಎತ್ತುವುದು ಅವರ ಕಾಲಕ್ಕೆ ಬರಲಿಲ್ಲ. ಹಾಗೆಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ನಿನ್ನೆ ಆ ಮುದುಕಿಯ ತಂದೆಯ ವಿಷಯದಲ್ಲೂ ಅದನ್ನೇ ಹೇಳಿಕೊಳ್ಳಲು ಹೋದೆ, ಸಭೆ ಬಿಡಲಿಲ್ಲ.

ಬರುವ ತಿಂಗಳು ಪರ್ತಿನಲ್ಲಿ ಇದೇ ಕಥೆ ಇದೆ. ಆಹ್ವಾನಪತ್ರಿಕೆ ಮಾಡಿಸುವ ಉತ್ತಮ್ ಬೆಳಿಗ್ಗೆ ಫೋನ್ ಮಾಡಿದ್ದ. ಮಂಗಳದ ಕೆಳಗೆ ಇಂದಿರಮ್ಮ ಎಂದು ಹಾಕಿಸು, ಅದರ ಪಕ್ಕದಲ್ಲಿ ಗುರುಗಳ ಹೆಸರು ಇರಲಿ ಎಂದೆ. "ಯಾರು ಸಾರ್ ಇಂದಿರಮ್ಮ?" ಎಂದು ಕೇಳಿದ. ಸಭೆಯಲ್ಲೇ ಹೇಳ್ತೀನಿ ಎಂದೆ.

ಅವತ್ತು ಕೈ ಎತ್ತಿ ಕೂಗುವವನು ನಾನು. ಡ್ಯೂಟಿ ಇದ್ದರೆ ಯಾರಿಗಾದರೂ ವಹಿಸಿ ಬಾ. ಮುಂದಿನ ಸಾಲಿನಲ್ಲಿ ನನ್ನ ಎದುರಿಗೇ ಕೂತುಕೋ. ನನ್ನ ದನಿ ಹೊರಡದಿದ್ದರೆ ನೀನು ಎದ್ದು ನಿಲ್ಲು.

ನಿನ್ನ ಅಣ್ಣ,
ನಟರಾಜ್